ರಾಜಿಗೆ ಮೊದಲು ಯಂತ್ರ ನಿಲ್ಲಿಸಿ

ಬೀದಿಯಲ್ಲಿ ಜಗಳ ಹುಟ್ಟಿದರೆ ಜನ ಮೊದಲು ತಟ್ಟುತ್ತಿದ್ದದ್ದು ಮೇಷ್ಟ್ರ ಮನೆಯ ಬಾಗಿಲನ್ನು. ಅವರಿಗೆ 'ಅರ್ಧರ್ಧ ಮೇಷ್ಟ್ರು' ಅಂತ ಅಡ್ಡಹೆಸರು. ಗೋಡೆಯ ಜಗಳವಿರಲಿ, ಗಿಡದ ಜಗಳವಿರಲಿ, ನಿನಗರ್ಧ ಅವನಿಗರ್ಧ ಎಂದು ಹೇಳಿ ಇಬ್ಬರ ಕೈ ಕುಲುಕಿಸಿ ಮನೆಗೆ ಬರುತ್ತಿದ್ದರು. ಅಡ್ಡಹೆಸರಿಗೆ ಅವರೇನೂ ಬೇಸರ ಮಾಡಿಕೊಂಡಿರಲಿಲ್ಲ, ಒಳಗೊಳಗೇ ಖುಷಿ ಇತ್ತು.

ಆ ಖುಷಿಗೆ ಕಲ್ಲು ಬಿದ್ದದ್ದು ಒಂದು ಬೆಳಿಗ್ಗೆ. ಇಸ್ತ್ರಿ ಅಕ್ಕ ತನ್ನ ಮೇಜನ್ನು ಕೈಗಾಡಿಗೆ ಹೇರುತ್ತಿದ್ದಳು. ಹನ್ನೆರಡು ವರ್ಷ ಅಚ್ಚು ಹಾಕುವ ಪ್ರೆಸ್ಸಿನ ಮೆಟ್ಟಿಲ ಕೆಳಗೆ ನಿಂತು ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿದವಳು ಅವಳು. ಕಾಗದದ ಬಂಡಲ್ ಇಡಲು ಆ ಜಾಗ ಬೇಕೆಂದು ಪ್ರೆಸ್ಸಿನ ಮಾಲೀಕ ತಕರಾರು ತೆಗೆದಿದ್ದ. ಹೋದ ತಿಂಗಳಷ್ಟೇ ಮೇಷ್ಟ್ರು ರಾಜಿ ಮಾಡಿಸಿದ್ದರು: ಬೆಳಿಗ್ಗೆ ಅವಳಿಗೆ, ಮಧ್ಯಾಹ್ನದ ಮೇಲೆ ಅವನಿಗೆ.

"ಎಲ್ಲಿಗಮ್ಮ ಹೊರಟೆ?"

"ಗೊತ್ತಿಲ್ಲ ಮೇಷ್ಟ್ರೇ. ಇಲ್ಲಿ ಹೊಟ್ಟೆಪಾಡು ನಡೆಯಲ್ಲ."

ಮೇಷ್ಟ್ರಿಗೆ ಸಿಟ್ಟೇ ಬಂತು. ಮನೆಗೆ ಬಂದು, ಕೋರ್ಟಿನ ರಾಜಿ ಕೇಂದ್ರದಲ್ಲಿ ಕೆಲಸ ಮಾಡುವ ಸೊಸೆಯ ಮುಂದೆ ಗೊಣಗಿದರು. "ಒಪ್ಪಿ ಕೈ ಕುಲುಕಿದವಳು ಈಗ ಗಂಟುಮೂಟೆ ಕಟ್ಟಿದ್ದಾಳೆ. ನಾನೇನು ಕಡಿಮೆ ಕೊಟ್ಟೆನಾ? ಸರಿಯಾಗಿ ಅರ್ಧ."

ಸೊಸೆ ಊಟದ ಡಬ್ಬಿ ಮುಚ್ಚುತ್ತಾ ಕೇಳಿದಳು. "ಎಲ್ಲಿ ಕೂತು ಮಾತಾಡಿದ್ರಿ ಮಾವ?"

"ಪ್ರೆಸ್ಸಲ್ಲೇ. ಫ್ಯಾನಿತ್ತು, ಕುರ್ಚಿ ಇತ್ತು."

"ಅವಳೂ ಕೂತಿದ್ದಳಾ?"

ಕುರ್ಚಿ ಎರಡೇ ಇದ್ದದ್ದು ಮೇಷ್ಟ್ರಿಗೆ ನೆನಪಾಯಿತು. "ಬಾಗಿಲ ಹತ್ತಿರ ನಿಂತಿದ್ದಳು."

"ಯಂತ್ರ?"

"ಓಡ್ತಿತ್ತು. ಅವನಿಗೆ ಅರ್ಜೆಂಟ್ ಕೆಲಸ. ಅವಳು ಏನೋ ಹೇಳಿದಳಪ್ಪ, ಆ ಗದ್ದಲದಲ್ಲಿ ಯಾರಿಗೆ ಕೇಳುತ್ತೆ? ಆಮೇಲೆ ತಲೆ ಆಡಿಸಿದಳು."

"ಅವಳು ಸುಮ್ಮನಾಗಿದ್ದನ್ನ ನೀವು ಒಪ್ಪಿಗೆ ಅಂದ್ಕೊಂಡ್ರಿ. ಇನ್ನೊಂದು ಕೇಳ್ತೀನಿ, ಬೇಜಾರಾಗಬೇಡಿ. ನಿಮ್ಮ ಪದ್ಯದ ಪುಸ್ತಕ ಅಚ್ಚಾಗ್ತಿರೋದು ಎಲ್ಲಿ?"

ಮೇಷ್ಟ್ರ ಮುಖ ಸಪ್ಪಗಾಯಿತು. "ಅದಕ್ಕೂ ಇದಕ್ಕೂ ಏನು ಸಂಬಂಧ? ನಾನು ಯಾರ ಪರವೂ ಇಲ್ಲ."

"ಅದು ನಿಮಗೆ ಗೊತ್ತು. ಅವಳಿಗೆ ಹೇಗೆ ಗೊತ್ತಾಗಬೇಕು? ಅವನಿಗೆ ಕಟ್ಟಡ ಇದೆ, ನಿಮ್ಮ ಸ್ನೇಹ ಇದೆ. ಅವಳಿಗೆ ಇರೋದು ಒಂದು ಮೇಜು. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿ ಅರ್ಧ ಮಾಡಿಬಿಟ್ರಿ."

ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರಿಗೆ ಅವತ್ತು ನಿಜಕ್ಕೂ ನಾಚಿಕೆಯಾಯಿತು. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. "ಒಂದು ದಿನ ತಡಿಯಮ್ಮ, ಅವತ್ತು ತಪ್ಪು ನನ್ನದು," ಎಂದು ಇಸ್ತ್ರಿ ಅಕ್ಕನನ್ನು ಕೇಳಿಕೊಂಡರು.

ಮರುದಿನ ಮಾತುಕತೆ ನಡೆದದ್ದು ಮೆಟ್ಟಿಲ ಕೆಳಗೆ. ಎಲ್ಲರಿಗೂ ಒಂದೇ ಎತ್ತರದ ಸ್ಟೂಲು. ಮೇಷ್ಟ್ರು ಮೊದಲು ಮಾಲೀಕನಿಗೆ ಹೇಳಿ ಯಂತ್ರ ನಿಲ್ಲಿಸಿದರು. ಆಮೇಲೆ, "ನೋಡಮ್ಮ, ಇವನ ಹತ್ತಿರ ನನ್ನ ಪುಸ್ತಕ ಅಚ್ಚಾಗ್ತಿದೆ. ನಾನು ಬೇಡ ಅನ್ನಿಸಿದರೆ ನಿನಗೆ ನಂಬಿಕೆ ಇರುವವರನ್ನ ಕರಿ," ಎಂದರು.

ಅವಳು ಸ್ವಲ್ಪ ಯೋಚಿಸಿ, "ನೀವೂ ಇರಿ. ನಮ್ಮ ಅತ್ತಿಗೆ ನನ್ನ ಪಕ್ಕ ಕೂರಲಿ," ಎಂದಳು. ಅತ್ತಿಗೆ ಬಂದು ಕೂತ ಮೇಲೆ ಬಾಯಿಬಿಟ್ಟಳು. "ಬೆಳಿಗ್ಗೆಯೆಲ್ಲ ನಾನು ಮನೆಮನೆ ಸುತ್ತಿ ಬಟ್ಟೆ ತರ್ತೀನಿ. ಇಸ್ತ್ರಿಪೆಟ್ಟಿಗೆಗೆ ಕೆಂಡ ಹಾಕೋದೇ ಮಧ್ಯಾಹ್ನ. ಬೆಳಿಗ್ಗೆ ಜಾಗ ಕೊಟ್ಟರೆ ನಾನೇನು ಮಾಡ್ಲಿ? ಅವತ್ತೂ ಇದನ್ನೇ ಹೇಳಿದ್ದೆ."

ಮಾಲೀಕ ತಲೆ ಕೆರೆದುಕೊಂಡ. "ನನ್ನ ಬಂಡಲ್ ಬರೋದು ಬೆಳಿಗ್ಗೆ, ಮಧ್ಯಾಹ್ನದೊಳಗೆ ಒಳಗೆ ಹೋಗಿಬಿಡ್ತವೆ. ಮೇಷ್ಟ್ರು ಹೇಳಿದ್ರು ಅಂತ ಒಪ್ಪಿದ್ದೆ. ನನಗೆ ಇರೋ ಭಯ ಕಿಡೀದು."

"ಕಾಗದ ಒಳಗೆ ಹೋದ ಮೇಲೇ ಕೆಂಡ ಹಾಕ್ತೀನಿ. ಪಕ್ಕದಲ್ಲಿ ಒಂದು ಬಕೆಟ್ ನೀರೂ ಇಟ್ಕೋತೀನಿ."

ಅಷ್ಟೇ. ಬೆಳಿಗ್ಗೆ ಅವನಿಗೆ, ಮಧ್ಯಾಹ್ನದ ಮೇಲೆ ಅವಳಿಗೆ. ಒಂದು ತಿಂಗಳು ಹೀಗೆ ನಡೆಸಿ, ಮತ್ತೆ ಕೂತು ನೋಡೋಣ ಎಂದು ಅವರಿಬ್ಬರೇ ಮಾತಾಡಿಕೊಂಡರು. ಕೈಗಾಡಿಯಿಂದ ಮೇಜು ಇಳಿಸುವಾಗ ಒಂದು ಕಡೆ ಮಾಲೀಕನೇ ಕೈ ಜೋಡಿಸಿದ.

ಓದುಗರೇ, ನಾಳೆ ನಿಮ್ಮನ್ನೂ ಯಾರಾದರೂ ರಾಜಿಗೆ ಕರೆಯಬಹುದು. ಯಾರ ಮನೆಯಲ್ಲಿ ಕೂತಿದ್ದೀರಿ, ಯಾರು ನಿಂತೇ ಇದ್ದಾರೆ, ಯಾರನ್ನು ಕರೆಯಲೇ ಇಲ್ಲ ಎಂದು ನೋಡಿ. ನಿಮಗೆ ಯಾರ ಋಣವಾದರೂ ಇದ್ದರೆ ಮೊದಲೇ ಹೇಳಿಬಿಡಿ. ಜಗಳ ನಿಮ್ಮದೇ ಆಗಿದ್ದರೆ, ಈ ಮಧ್ಯಸ್ಥರು ಬೇಡ, ಈ ಜಾಗ ಬೇಡ ಎನ್ನುವ ಹಕ್ಕು ನಿಮಗಿದೆ. ಯಾರಾದರೂ ತಲೆ ಆಡಿಸಿದರೆ ಕೈ ಕುಲುಕಿಸಲು ಅವಸರ ಮಾಡಬೇಡಿ. ಆಗಲೇ ಏನೋ ಹೇಳಿದೆಯಲ್ಲ, ಇನ್ನೊಂದು ಸಲ ಹೇಳು ಎಂದು ಕೇಳಿ.