ಬಿದಿರು ಹಿಡಿಯದ ಕೈ

ಏಳನೇ ಮಹಡಿಯ ಎತ್ತರದಲ್ಲಿ ಯಿಂಗ್‌ಚೋಯ್ ಅಣ್ಣನ ಕೈಯಿಂದ ಬಿದಿರಿನ ಗಳ ಜಾರಿತು.

ಷಾಮ್ ಶೂಯ್ ಪೋ ಬಡಾವಣೆಯ ಹಳೆಯ ಕಟ್ಟಡಕ್ಕೆ ನಾವು ಬಿದಿರಿನ ಸಾರುವೆ ಕಟ್ಟುತ್ತಿದ್ದೆವು. ಕೆಳಗಿನವನು ಗಳ ಎತ್ತಿ ಕೊಡಬೇಕು, ಮೇಲಿನವನು ಹಿಡಿದುಕೊಳ್ಳಬೇಕು. ಕೆಳಗಿನವನ ತಲೆ ಉಳಿಯುವುದು ಮೇಲಿನವನ ಕೈಯಲ್ಲಿ. ಗಳ ನನ್ನ ಹೆಗಲಿಗೆ ಬಡಿದು, ಅಡ್ಡ ಕಟ್ಟಿದ ಬಿದಿರಿಗೆ ಸಿಕ್ಕಿಕೊಂಡಿತು. ಕೆಳಗೆ ಬೀದಿಯಲ್ಲಿ ಜನ ಏನೂ ತಿಳಿಯದೆ ಮೀನಿಗೆ ಚೌಕಾಸಿ ಮಾಡುತ್ತಿದ್ದರು.

"ಬೆವರು ಕಣೋ ಕಿನ್, ಜಾರ್ತು," ಅಂದ.

"ನಿನ್ನೆನೂ ಬೆವರು, ಇವತ್ತೂ ಬೆವರು. ನಿಂಗೊಬ್ಬಂಗೇ ಸುರಿಯುತ್ತಾ ಬೆವರು?"

ನಾನು ಮೇಲೆ ಹತ್ತಿ ಅವನ ತೋಳು ನೋಡಿದೆ. ಚರ್ಮದಡಿ ಹುಳ ಹರಿದಾಡಿದಂತೆ ಮಾಂಸ ಪಟಪಟ ಅದುರುತ್ತಿತ್ತು. ಅವನು ಥಟ್ಟನೆ ಅಂಗಿಯ ತೋಳು ಇಳಿಸಿಕೊಂಡ.

ಅವನ ಒಡಹುಟ್ಟಿದ ಅಣ್ಣನಿಗೂ ಹೀಗೇ ಶುರುವಾಗಿತ್ತು. ಮೊದಲು ತೋಳು ಅದುರಿತು, ಆಮೇಲೆ ಊಟದ ಕಡ್ಡಿ ಹಿಡಿಯಲಾಗಲಿಲ್ಲ, ಕೊನೆಗೆ ಗಂಜಿಯೂ ಗಂಟಲಲ್ಲಿ ಇಳಿಯಲಿಲ್ಲ. ನರ ಸಾಯುವ ಕಾಯಿಲೆ, ಮದ್ದಿಲ್ಲ ಎಂದಿದ್ದರು ಡಾಕ್ಟರು. ಆ ಹೆಣಕ್ಕೆ ನಾನೂ ಹೆಗಲು ಕೊಟ್ಟಿದ್ದೆ.

"ಡಾಕ್ಟರ ಹತ್ರ ನಡಿ."

"ಯಾಕೆ? ಸಾಯೋ ತಾರೀಕು ಕೇಳೋಕಾ?"

"ಹಾಗಾದ್ರೆ ನಾಳೆಯಿಂದ ನಿನ್ನ ಕೆಳಗೆ ನಾನು ನಿಲ್ಲಲ್ಲ. ಬೇರೆ ಯಾರೂ ನಿಲ್ಲದ ಹಾಗೆ ನೋಡ್ಕೋತೀನಿ."

ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಅವನ ಮುಖ ಕಪ್ಪಿಟ್ಟಿತು. ಇಳಿಯತೊಡಗಿದ. ನೆಲಕ್ಕೆ ಕಾಲಿಟ್ಟಾಗ ಮೊಣಕಾಲು ಕುಸಿದು ಅಲ್ಲೇ ಕುಳಿತುಬಿಟ್ಟ. ಟ್ಯಾಕ್ಸಿಗೆ ನಾನೇ ಹೊತ್ತುಕೊಂಡು ಹೋದೆ. ದಾರಿಯಲ್ಲೇ ಅವನ ಹೆಂಡತಿ ಸ್ಯೂಟ್‌ಫಾನ್ ಅತ್ತಿಗೆಗೆ ಫೋನ್ ಮಾಡಿದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಮೊಣಕಾಲು ತಟ್ಟಿದರು, ತಮ್ಮ ಬೆರಳು ಹಿಡಿಸಿ ಎಳೆಸಿದರು, ರಕ್ತ ತೆಗೆಸಿದರು. "ಏನಾದ್ರೂ ಔಷಧಿ ತಗೊಳ್ತೀರಾ?"

"ಇಲ್ಲ."

"ರಕ್ತದ ಒತ್ತಡದ್ದು, ನೋವಿನದ್ದು?"

"ಇಲ್ಲ ಅಂದ್ನಲ್ಲ. ಜ್ವರಕ್ಕೂ ಮಾತ್ರೆ ನುಂಗೋನಲ್ಲ ನಾನು."

ರಕ್ತದ ಫಲಿತಾಂಶ ಬಂದಾಗ ಡಾಕ್ಟರಮ್ಮನ ಹುಬ್ಬು ಗಂಟಾಯಿತು. ರಕ್ತದೊಳಗಿನ ಪೊಟ್ಯಾಸಿಯಂ ನೆಲ ಕಚ್ಚಿದೆ, ಎದೆಬಡಿತಕ್ಕೂ ಅಪಾಯ ಎಂದು ಆಗಲೇ ಎದೆಗೆ ತಂತಿ ಅಂಟಿಸಿ, ಡ್ರಿಪ್ ಹಾಕಿಸಿದರು. ಅದು ಎಲ್ಲಿ ಸೋರಿಹೋಗುತ್ತಿದೆ ಎಂದು ಅವರಿಗೂ ಗೊತ್ತಾಗಲಿಲ್ಲ. ಯಿಂಗ್‌ಚೋಯ್ ಅಣ್ಣ ಸೂರು ನೋಡುತ್ತ ಮಲಗಿದ್ದ. ಅವನ ಕಣ್ಣಲ್ಲಿ ಸತ್ತ ಅಣ್ಣನ ಹಾಸಿಗೆಯೇ ಕಾಣುತ್ತಿತ್ತೆಂದು ನನಗೆ ಗೊತ್ತಿತ್ತು.

ಅತ್ತಿಗೆ ಏದುಸಿರು ಬಿಡುತ್ತ ಬಂದಳು. ಬಂದವಳೇ ಫ್ಲಾಸ್ಕ್ ತೆರೆದು ಮುಚ್ಚಳಕ್ಕೆ ಬಗ್ಗಿಸಿದಳು. "ಬೆಳಿಗ್ಗೆ ನೀನು ಇದನ್ನ ಬಿಟ್ಟು ಹೋಗಿದ್ದೆ ನೋಡು. ಕುಡಿ, ಇನ್ನೂ ಬಿಸಿ ಇದೆ."

ಅವನ ತುಟಿಗೆ ಮುಟ್ಟುವ ಮೊದಲೇ ಡಾಕ್ಟರಮ್ಮ ಕೈ ಅಡ್ಡ ಹಿಡಿದರು. "ಅದೇನಮ್ಮಾ?"

"ಔಷಧಿ ಅಲ್ಲಮ್ಮಾ, ಮನೇಲಿ ಕಾಯ್ಸಿದ ಕಷಾಯ. ಕಾಲು ಹಿಡ್ಕೊಳ್ತದೆ ಅಂದ್ರು ಇವ್ರು. ಗಿಡಮೂಲಿಕೆ ಅಂಗಡಿಯವರು ಅದೇನೋ ಬಿಳಿ ಬೇರಿನ ಜೊತೆ ಜ್ಯೇಷ್ಠಮಧು ಹಾಕಿ ಕೊಟ್ರು."

"ಎಷ್ಟು ದಿನಕ್ಕೆ ಕೊಟ್ರು?"

"ಒಂದು ವಾರ. ಆದ್ರೆ ಬೇಸಿಗೆಯಿಡೀ ಕಾಯ್ಸಿದೀನಿ. ನೋವು ಹೆಚ್ಚಾದಾಗ ಜ್ಯೇಷ್ಠಮಧುನೂ ಒಂದು ಹಿಡಿ ಹೆಚ್ಚು..." ಅತ್ತಿಗೆ ಡಾಕ್ಟರಮ್ಮನ ಮುಖ ನೋಡಿದಳು.

"ಜ್ಯೇಷ್ಠಮಧು ಅತಿಯಾದ್ರೆ ಮೈಯಿಂದ ಪೊಟ್ಯಾಸಿಯಂ ಹೊರಗೆ ಹೋಗುತ್ತೆ. ಆಗ ಸ್ನಾಯು ಸೋಲುತ್ತೆ, ಅದುರುತ್ತೆ, ಕಾಲೂ ಹಿಡ್ಕೊಳ್ಳುತ್ತೆ," ಎಂದರು ಡಾಕ್ಟರಮ್ಮ. "ಇದೇ ಕಾರಣ ಆದ್ರೆ ಕಷಾಯ ನಿಲ್ಲಿಸಿದ ಮೇಲೆ ಬಲ ವಾಪಸ್ ಬರುತ್ತೆ. ಬರದಿದ್ರೆ ನರದ ಪರೀಕ್ಷೆ ಮಾಡ್ಬೇಕು. ಕಾದು ನೋಡೋಣ."

ಅತ್ತಿಗೆ ಮುಚ್ಚಳದ ಕಷಾಯವನ್ನು ಮತ್ತೆ ಫ್ಲಾಸ್ಕಿಗೆ ಸುರಿಯಲು ಹೋದಳು. ಅರ್ಧ ನೆಲಕ್ಕೆ ಚೆಲ್ಲಿತು. "ನಾನೇ ಕೈಯಾರೆ..."

"ನಿನ್ನ ತಪ್ಪೇನಿಲ್ಲ ಬಿಡೇ," ಎಂದ ಅವನು. "ಕಾಲು ಹಿಡ್ಕೊಳ್ತದೆ ಅಂತಷ್ಟೇ ನಿಂಗೆ ಹೇಳ್ದೆ. ಕೈ ಸೋತಿದ್ದು ಹೇಳ್ಲಿಲ್ಲ. ಹೇಳಿದ್ರೆ ನೀನು ನನ್ನ ಕಿವಿ ಹಿಡ್ಕೊಂಡು ಇಲ್ಲಿಗೆ ಎಳ್ಕೊಂಡು ಬರ್ತಿದ್ದೆ."

"ಬರ್ತಿದ್ದೆ. ಎರಡು ಬಿಟ್ಟು ಕರ್ಕೊಂಡು ಬರ್ತಿದ್ದೆ," ಎಂದಳು ಅತ್ತಿಗೆ, ಅಳುತ್ತಲೇ.

ಮರುದಿನ ಹೋದಾಗ ಅವನ ತೋಳು ಆಗೊಮ್ಮೆ ಈಗೊಮ್ಮೆ ಅದುರುತ್ತಿತ್ತು. "ಕೈ ಕೊಡೋ," ಎಂದ. ಕೊಟ್ಟೆ. ಹಲ್ಲು ಕಚ್ಚಿ ಒತ್ತಿದ. ಮೊದಲು ಏನೂ ಇಲ್ಲ. ಆಮೇಲೆ ನನ್ನ ಬೆರಳಿನ ಮೂಳೆಗಳು ಒಂದಕ್ಕೊಂದು ಉಜ್ಜಿದವು.

"ಅಯ್ಯೋ, ಬಿಡೋ ಮಾರಾಯಾ!" ಎಂದು ಕೂಗಿದೆ.

ಅವನು ಬಿಡಲಿಲ್ಲ.