ಸಿಸ್ಟರ್ ಗಂಗಾಲಕ್ಷ್ಮಿಯ ಗ್ಯಾಸ್ ಮಾತ್ರೆ

ಮಾವಿನ ಸುಗ್ಗಿ ಬಂತೆಂದರೆ ಶ್ರೀನಿವಾಸಪುರದ ಕಡೆ ಉಪ್ಪಿನಕಾಯಿ ಹಾಕದ ಮನೆ ಎಲ್ಲಿದೆ? ಆಸ್ಪತ್ರೆಯಲ್ಲಿ ನರ್ಸುಗಳು ಊಟ ಮಾಡುವ ಕೋಣೆಯಲ್ಲೂ ಒಂದು ಜಾಡಿ ಇತ್ತು. "ಉಪ್ಪು ಕಮ್ಮಿ ಮಾಡಮ್ಮ, ಬಿ.ಪಿ. ಜಾಸ್ತಿ ಇದೆ" ಎಂದು ಬೆಳಗ್ಗೆಯೆಲ್ಲ ವಾರ್ಡಿನಲ್ಲಿ ಗಂಟಲು ಹರಿದುಕೊಂಡ ಸಿಸ್ಟರ್ ಗಂಗಾಲಕ್ಷ್ಮಿ, ಮಧ್ಯಾಹ್ನ ಮೊಸರನ್ನಕ್ಕೆ ಅದೇ ಉಪ್ಪಿನಕಾಯಿ ನಂಚಿಕೊಂಡು ಗಬಗಬ ತಿಂದು ಏಳುತ್ತಿದ್ದಳು. ಊರಿಗೆಲ್ಲ ಬುದ್ಧಿ ಹೇಳಿದವಳಿಗೆ ತನಗೆ ಹೇಳಿಕೊಳ್ಳಲು ಪುರುಸೊತ್ತೇ ಸಿಕ್ಕಿರಲಿಲ್ಲ.

ಈಚೆಗೆ ಮೆಟ್ಟಿಲು ಹತ್ತಿದರೆ ಅವಳಿಗೆ ಎದೆ ಹಿಡಿದಂತಾಗುತ್ತಿತ್ತು. ನಿಂತರೆ ಸರಿಹೋಗುತ್ತಿತ್ತು. ತಾನೇ ಡಾಕ್ಟರಾಗಿ "ಗ್ಯಾಸು" ಎಂದು ತೀರ್ಮಾನ ಮಾಡಿ ಮಾತ್ರೆ ನುಂಗುತ್ತಿದ್ದಳು. ಮಾತ್ರೆಗಳ ಹೆಸರೆಲ್ಲ ಗೊತ್ತಿರುವವರು ಮಾಡುವ ತಪ್ಪೇ ಇದು.

ಒಂದು ದಿನ ಜೊತೆಯ ಸಿಸ್ಟರ್ ಕೌಸರ್ ಇದನ್ನು ನೋಡಿಬಿಟ್ಟಳು.

"ಏನಕ್ಕಾ, ಮತ್ತೆ ಮಾತ್ರೆ?"

"ಗ್ಯಾಸ್ ಕಣೇ. ಮೆಟ್ಲು ಹತ್ತಿದ್ರೆ ಎದೆ ಹಿಡ್ಕೊಳ್ಳುತ್ತೆ, ಎಡಗೈ ಜೋಮು ಹಿಡಿಯುತ್ತೆ."

"ಮೆಟ್ಲು ಹತ್ತಿದ್ರೆ ಮಾತ್ರ ಬರೋ ಗ್ಯಾಸ್ ಯಾವ್ದಕ್ಕಾ? ಬಿ.ಪಿ. ಯಾವಾಗ ನೋಡಿಸ್ಕೊಂಡೆ?"

"ನಂಗೇನಾಗುತ್ತೆ? ದಿನಾ ವಾರ್ಡೆಲ್ಲ ಓಡಾಡ್ತೀನಿ. ಸಿಗರೇಟು ಸೇದ್ತೀನಾ, ದಪ್ಪ ಇದ್ದೀನಾ? ಹಾರ್ಟ್ ಕಾಯಿಲೆ ಗಂಡಸರಿಗೆ ಬಿಡು."

ಕೌಸರ್‌ಗೆ ಸಿಟ್ಟೇ ಬಂತು. "ಹೆಂಗಸರಿಗೆ ಹಾರ್ಟ್ ಇಲ್ವಾ? ಇದೇ ಮಾತು ಪೇಷೆಂಟ್ ಹೇಳಿದ್ರೆ ಏನ್ ಮಾಡ್ತಿದ್ದೆ ಹೇಳು."

"ಕೂರಿಸಿ, ಇ.ಸಿ.ಜಿ. ತೆಗ್ದು..." ಎನ್ನುತ್ತ ಗಂಗಾಲಕ್ಷ್ಮಿ ಕೈಲಿದ್ದ ಮಾತ್ರೆಯನ್ನು ಕೆಳಗಿಟ್ಟಳು.

ನಿಜ ಹೇಳಬೇಕೆಂದರೆ ಅವಳಿಗೆ ಭಯ. "ಸಿಸ್ಟರ್‌ಗೇ ಹಿಂಗಾಯ್ತು ಅಂತ ಎಲ್ರೂ ನಗಲ್ವಾ? ಮಗಳು ಚಂದನ ಇನ್ನೂ ಓದ್ತಿದಾಳೆ. ನಂಗೇನಾದ್ರೂ ಇದೆ ಅಂದ್ಬಿಟ್ರೆ?" ಎನ್ನುವಷ್ಟರಲ್ಲಿ ಕಣ್ಣು ತುಂಬಿ ಬಂತು.

"ಇದ್ರೆ ಈಗ್ಲೇ ಗೊತ್ತಾಗ್ಲಿ. ಅವಳಿಗೆ ಅಮ್ಮ ಬೇಕಲ್ಲಕ್ಕಾ. ನಡಿ."

ಬಿ.ಪಿ. ನೂರೆಪ್ಪತ್ತು ದಾಟಿತ್ತು. ಇ.ಸಿ.ಜಿ. ನೋಡಿದ ಡಾಕ್ಟರು ಅವತ್ತೇ ಕೋಲಾರದ ದೊಡ್ಡಾಸ್ಪತ್ರೆಗೆ ಕಳಿಸಿದರು. ಹೃದಯದ ಒಂದು ರಕ್ತನಾಳ ಕಿರಿದಾಗಿರುವುದು ಅಲ್ಲಿ ತಿಳಿಯಿತು. "ಹೃದಯಾಘಾತಕ್ಕೆ ಮುಂಚೆಯೇ ಬಂದಿದ್ದೀರಿ, ಒಳ್ಳೇದಾಯ್ತು" ಎಂದು ಚಿಕಿತ್ಸೆ ಕೊಟ್ಟರು. ಬಿ.ಪಿ. ಮಾತ್ರೆ ತಪ್ಪಿಸಬೇಡಿ, ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ ಎಂದು ಹೇಳಿ ಕಳಿಸಿದರು.

ಗಂಡ ಗಂಗಾಧರ್ ಮಾತ್ರ ಒಪ್ಪಲಿಲ್ಲ. "ಡ್ಯೂಟೀಲೇ ಅಷ್ಟು ನಡೀತೀಯ, ಮತ್ಯಾಕೆ ವಾಕಿಂಗು?"

"ವಾರ್ಡಲ್ಲಿ ನಾಲ್ಕ್ ಹೆಜ್ಜೆ ಹಾಕೋದು, ನಿಲ್ಲೋದು. ಅದ್ರಿಂದ ಸುಸ್ತಾಗುತ್ತೆ ಅಷ್ಟೆ ರೀ. ಅರ್ಧ ಗಂಟೆ ನಿಲ್ದೆ ನಡೀಬೇಕಂತೆ. ನೀವೂ ಬನ್ನಿ. ನಾಳೆ ನಿಮ್ ಬಿ.ಪಿ., ಸಕ್ಕರೆನೂ ನೋಡಿಸ್ತೀನಿ."

ಗಂಗಾಧರ್ ತಲೆ ಕೆರೆದುಕೊಂಡು ಚಪ್ಪಲಿ ಮೆಟ್ಟಿದ.

ಗಂಗಾಲಕ್ಷ್ಮಿ ಮತ್ತೆ ಡ್ಯೂಟಿಗೆ ಹೋದಾಗ ರಾಯಲ್ಪಾಡು ಊರಿನ ಅಜ್ಜಿ ಚಿಕ್ಕಗಂಗಮ್ಮ ತೋರಿಸಿಕೊಳ್ಳಲು ಬಂದಿದ್ದಳು. "ಚೆನ್ನಾಗೇ ಇದ್ದೀನಿ, ಬಿ.ಪಿ. ಮಾತ್ರೆ ಬೇಡ" ಎಂದು ಒಂದೇ ಹಟ. ಮೊದಲಾಗಿದ್ದರೆ ಸಿಸ್ಟರ್ ಗದರಿಬಿಡುತ್ತಿದ್ದಳು. ಈಗ ಪಕ್ಕದಲ್ಲಿ ಕೂತು, "ನಾನೂ ಚೆನ್ನಾಗಿದ್ದೀನಿ ಅಂತ್ಲೇ ಅಂದ್ಕೊಂಡಿದ್ದೆ ಅಜ್ಜಿ. ಈಗ ದಿನಾ ನುಂಗ್ತಿದೀನಿ" ಎಂದಳು.

"ನೀಕೂನಾ ತಲ್ಲೀ? ನಿಂಗೂನಾ ತಾಯಿ?" ಎಂದು ತೆಲುಗು ಬೆರೆಸಿ ಕೇಳಿದ ಅಜ್ಜಿ ಅವಳ ಮುಖವನ್ನೇ ನೋಡಿ, ಮಾತ್ರೆಗೆ ಕೈಯೊಡ್ಡಿದಳು.

ಸಿಸ್ಟರ್, ನೀವು ಬಿ.ಪಿ. ನೋಡಿದ ತೋಳುಗಳಿಗೆ ಲೆಕ್ಕವಿಲ್ಲ. ಈ ವಾರ ನಿಮ್ಮ ತೋಳನ್ನೂ ಒಮ್ಮೆ ಚಾಚಿ. ಸಕ್ಕರೆ, ಕೊಬ್ಬಿನ ಪರೀಕ್ಷೆ ಮಾಡಿಸಿಕೊಳ್ಳಿ. ಎದೆ ಹಿಡಿದರೆ ಗ್ಯಾಸೆಂದು ನೀವೇ ತೀರ್ಮಾನಿಸದೆ ಅವತ್ತೇ ಡಾಕ್ಟರಿಗೆ ತೋರಿಸಿ. ಕೂತರೂ ನೋವು ಹೋಗದಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ. ಡ್ಯೂಟಿ ಮುಗಿಸಿ ನೀವು ಬರುವುದನ್ನೇ ಮನೆಯಲ್ಲಿ ಕಾಯುತ್ತಿರುತ್ತಾರೆ.