ಕಂಕುಳ ಹೊಲಿಗೆ

ಹೊಲಿಗೆ ಮಿಷನ್ನು ಕೊಳ್ಳಲು ಹೋಗುವವರು ಬಟ್ಟೆಯನ್ನು ತಾವೇ ಒಯ್ಯಬೇಕು. ಅಂಗಡಿಯವರು ಕೊಡುವ ಮೆತ್ತನೆಯ ತುಂಡಿನ ಮೇಲೆ ಎಂಥ ಡಬ್ಬಾ ಮಿಷನ್ನೂ ಮುತ್ತು ಪೋಣಿಸಿದಂತೆ ಹೊಲಿದುಬಿಡುತ್ತದೆ. ಅಷ್ಟು ಬುದ್ಧಿ ನನಗಿತ್ತು. ಕೋಟುಗಳಿಗೆ ಬಳಸಿ ಉಳಿದ ತುಂಡುಗಳನ್ನು ಚೀಲಕ್ಕೆ ತುರುಕಿಕೊಂಡು, ಅತ್ತೆಯನ್ನೂ ಹೊರಡಿಸಿಕೊಂಡು ಅಂಗಡಿಗೆ ಹೋಗಿದ್ದೆ.

ಕೋಟೆಂದರೆ ಹಾಗೀಗಿನ ಕೋಟಲ್ಲ. ಕೋಲ್ಡ್ ಸ್ಟೋರೇಜಿನಲ್ಲಿ, ಮೈನಸ್ ಇಪ್ಪತ್ತರ ಚಳಿಯಲ್ಲಿ ಪೆಟ್ಟಿಗೆ ಹೊರುವವರು ತೊಡುವಂಥದ್ದು. ಹೊರಗೆ ಕ್ಯಾನ್ವಾಸು, ನಡುವೆ ದಪ್ಪ ಹತ್ತಿ, ಒಳಗೆ ಲೈನಿಂಗು. ನನ್ನ ಮೈದುನ ಅಲ್ಲಿ ಕೆಲಸಕ್ಕಿದ್ದಾನೆ. ಅವನ ದೆಸೆಯಿಂದ ಹತ್ತು ಕೋಟಿನ ಆರ್ಡರು ಸಿಕ್ಕಿತ್ತು. ಚೆನ್ನಾಗಿ ಬಂದರೆ ಇನ್ನೂ ಅರವತ್ತು ಎಂದಿದ್ದರು. ಮೊದಲ ಎರಡನ್ನು ಅತ್ತೆಯ ಹಳೇ ಮಿಷನ್ನಿನಲ್ಲಿ ಹೊಲಿದೆ. ಅದು ಏದುಸಿರು ಬಿಡುವುದನ್ನು ನೋಡಲಾರದೆ ಉಳಿದ ಎಂಟನ್ನು ಪಕ್ಕದ ಮನೆಯವಳ ದೊಡ್ಡ ಮಿಷನ್ನಿನಲ್ಲಿ ಮುಗಿಸಿದೆ.

ಹೋದ ವಾರ ಆ ಎರಡರಲ್ಲಿ ಒಂದು ಹರಿಯಿತು. ತೊಟ್ಟಿದ್ದ ಮನುಷ್ಯ ಮೇಲಿನ ಅಟ್ಟಣಿಗೆಗೆ ಪೆಟ್ಟಿಗೆ ಎತ್ತಿದ್ದಾನೆ, ಹೊಲಿಗೆ ಕಂಕುಳಿಂದ ಬೆನ್ನವರೆಗೂ ಬಾಯ್ಬಿಟ್ಟಿದೆ. ಬೆವರಿದ ಮೈಗೆ ಆ ಚಳಿ ಹೊಡೆದು, ಬಾಗಿಲು ಮುಟ್ಟುವಷ್ಟರಲ್ಲಿ ಪಕ್ಕೆಯೆಲ್ಲ ಮರಗಟ್ಟಿತ್ತು. ಎರಡು ದಿನ ಆಸ್ಪತ್ರೆಯಲ್ಲಿದ್ದ. ಮೇಲ್ವಿಚಾರಕರು ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಉಳಿದವು ಗಟ್ಟಿ ಇವೆಯೇನಮ್ಮಾ? ಜನರನ್ನ ಒಳಗೆ ಕಳಿಸೋನು ನಾನು."

"ಹಳೇ ಮಿಷನ್ ಕೈಕೊಡ್ತು ಸಾರ್. ಅದ್ರಲ್ಲಿ ಹೊಲಿದಿದ್ದು ಎರಡೇ. ಇನ್ನೊಂದನ್ನೂ ವಾಪಸ್ ಕಳಿಸಿಬಿಡಿ. ಬಾಕಿ ಎಂಟಕ್ಕೆ ನಾನು ಗ್ಯಾರಂಟಿ," ಎಂದಿದ್ದೆ.

ಆ ಎಂಟರಲ್ಲಿ ಒಂದು ಮೈದುನನ ಮೈಮೇಲೇ ಇತ್ತು.

ಅಂದಿನಿಂದ ಅತ್ತೆಯ ಮಿಷನ್ನಿಗೆ ಬಾಯಿಗೆ ಬಂದಂತೆ ಬೈದಿದ್ದೆ. ತೂಕಕ್ಕೆ ಹಾಕಿದರೂ ಗುಜರಿಯವನು ಮುಟ್ಟುವುದಿಲ್ಲ ಎಂದು ಬಂದವರ ಎದುರಿಗೇ ಹೇಳಿದ್ದೆ. ಅತ್ತೆ ಆ ಮಿಷನ್ನು ತುಳಿದೇ ಇಬ್ಬರು ಮಕ್ಕಳನ್ನು ಸಾಕಿದವರು. ಆದರೂ ತುಟಿಪಿಟಕ್ ಎನ್ನಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ರೇಗುತ್ತಿತ್ತು. ಜಗಳಕ್ಕಾದರೂ ಎದುರಿಗೊಬ್ಬರು ಬೇಕಲ್ಲ!

ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿಕೊಂಡ ದಪ್ಪ ಮನುಷ್ಯ. ಮೊದಲು ಒಂದು ಬಿಳಿ ಮಿಷನ್ನಿನ ಬಟ್ಟೆ ಸರಿಸಿದ. "ಇದ್ರಲ್ಲಿ ನೂರು ಡಿಸೈನ್ ಬರುತ್ತೆ ಮೇಡಂ. ಹೂವು, ಬಳ್ಳಿ, ಏನ್ ಬೇಕೋ ಅದು."

"ಹೂವು ಹಾಕಿದ್ರೆ ಚಳಿ ಕಮ್ಮಿಯಾಗತ್ತಾ?" ಎಂದೆ.

ಅವನು ಕಪ್ಪು ಮಿಷನ್ನೊಂದನ್ನು ತೋರಿಸಿದ. ದೊಡ್ಡ ಮೋಟರು, ದಪ್ಪ ಕುತ್ತಿಗೆ. ನಾನು ಚೀಲದಿಂದ ತುಂಡುಗಳನ್ನು ತೆಗೆದು ಕಂಕುಳಿನ ಹಾಗೆ ಜೋಡಿಸಿದೆ. ತೋಳಿನ ಹೊಲಿಗೆ, ಪಕ್ಕೆಯ ಹೊಲಿಗೆ ಎಲ್ಲ ಬಂದು ಸೇರುವ ಜಾಗ ಅದು. ಲೈನಿಂಗು ಬಿಟ್ಟು ಎರಡು ಪದರ ಇದ್ದದ್ದು ಇದ್ದಕ್ಕಿದ್ದಂತೆ ಎಂಟಾಗುತ್ತದೆ. ಮಿಷನ್ನಿನ ಯೋಗ್ಯತೆ ತಿಳಿಯುವುದು ಆ ಗುಡ್ಡ ಹತ್ತುವಾಗಲೇ.

ಹೊಲಿದೆ. ಮೇಲಿನಿಂದ ಚೆನ್ನಾಗಿತ್ತು. ತಿರುಗಿಸಿದರೆ ಗುಡ್ಡದ ಏರಿನಲ್ಲಿ ನಾಲ್ಕು ಹೊಲಿಗೆ ತಪ್ಪಿ ದಾರ ಜೋಲುಬಿದ್ದಿತ್ತು. ಹರಿದ ಕೋಟಿನ ಲೈನಿಂಗು ಬಿಚ್ಚಿದಾಗ ನಾನು ಕಂಡದ್ದೂ ಇದನ್ನೇ.

"ಇದೂ ಅದೇ ಜಾತಿ," ಎಂದೆ.

ಅವನು ಇನ್ನೊಂದು ತೋರಿಸಿದ. ಸೂಜಿಯ ಬಳಿ ಬಟ್ಟೆಯನ್ನು ಒತ್ತಿ ಹಿಡಿಯುವ ಅದರ ಫೂಟು ಮೇಲಿನಿಂದಲೂ ಹೆಜ್ಜೆ ಹಾಕಿಸಿಕೊಂಡು ಹೋಗುತ್ತದಂತೆ, ಚರ್ಮ ಹೊಲಿಯುವವರೂ ಅದನ್ನೇ ಒಯ್ಯುತ್ತಾರಂತೆ. ಅದರಲ್ಲಿ ಗುಡ್ಡ ಹತ್ತುವಾಗ ಟಣ್ ಎಂದು ಸೂಜಿಯೇ ಮುರಿದು ನನ್ನ ಕೆನ್ನೆಯ ಪಕ್ಕದಿಂದ ಹಾರಿತು. ಅತ್ತೆ ಸ್ಟೂಲಿನಿಂದ ಅರ್ಧ ಎದ್ದರು.

ಅಂಗಡಿಯವನು ಕನ್ನಡಕವನ್ನು ಕಣ್ಣಿಗಿಳಿಸಿದ. "ಒಂದ್ ಮಾತು ಹೇಳ್ಲಾ ಮೇಡಂ? ಬೇಜಾರ್ ಮಾಡ್ಕೋಬೇಡಿ. ನಿಮ್ಮ ಎಡಗೈ ನೋಡ್ಕೊಳ್ಳಿ."

ನೋಡಿಕೊಂಡೆ. ಅದು ಫೂಟಿನ ಹಿಂದೆ ಬಟ್ಟೆಯನ್ನು ಚಿವುಟಿ ಹಿಡಿದುಕೊಂಡಿತ್ತು.

"ಗುಡ್ಡ ಬಂದ ತಕ್ಷಣ ಹಿಂದಿನಿಂದ ಎಳೀತೀರಿ. ಎಳೆದ್ರೆ ಸೂಜಿ ಬಗ್ಗತ್ತೆ, ಕೆಳಗಿನ ಕೊಕ್ಕೆಗೆ ದಾರ ಸಿಗಲ್ಲ. ಯಾವ ಮಿಷನ್ ಕೊಟ್ರೂ ಇಷ್ಟೇ."

"ಇಪ್ಪತ್ತು ವರ್ಷದಿಂದ ಹೊಲೀತಿದ್ದೀನಿ ನಾನು!"

"ಶರ್ಟು, ಫ್ರಾಕು ಹೊಲಿದಿರ್ತೀರಿ. ತೆಳ್ಳಗಿನ ಬಟ್ಟೆಗೆ ನಡೆಯುತ್ತೆ."

ಅಷ್ಟರಲ್ಲಿ ಅತ್ತೆ ಕಪ್ಪು ಮಿಷನ್ನಿನ ಮುಂದೆ ಕೂತು, ಇನ್ನೊಂದು ಜೋಡಿ ತುಂಡನ್ನು ಫೂಟಿನ ಕೆಳಗಿಟ್ಟಿದ್ದರು. ಗುಡ್ಡದ ಬುಡಕ್ಕೆ ಬಂದೊಡನೆ ನಿಲ್ಲಿಸಿದರು. ಒಂದು ಚೂರು ಬಟ್ಟೆಯನ್ನು ಮಡಿಸಿ ಫೂಟಿನ ಹಿಂಬದಿಗೆ ಕೊಟ್ಟು ಮಟ್ಟ ಮಾಡಿಕೊಂಡರು. ಆಮೇಲೆ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ ಒಂದು, ಎರಡು, ಮೂರು ಎಂದು ಏರಿಸಿದರು. ಬಟ್ಟೆ ತನ್ನಷ್ಟಕ್ಕೆ ಹೋಯಿತು. ತಿರುಗಿಸಿ ನೋಡಿದೆ. ಒಂದೂ ತಪ್ಪಿರಲಿಲ್ಲ.

ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಈ ಗಾದೆಯನ್ನು ನಾನು ಎಷ್ಟು ಜನರ ಮುಖಕ್ಕೆ ಎಸೆದಿದ್ದೇನೋ, ಲೆಕ್ಕವಿಲ್ಲ. ಆದರೆ ನಾಚಿಕೆಪಡಲು ಪುರುಸೊತ್ತಾಗಲಿಲ್ಲ. ತಪ್ಪು ಅತ್ತೆಯ ಮಿಷನ್ನಿನದಲ್ಲವಾದರೆ, ಪಕ್ಕದ ಮನೆಯ ಮಿಷನ್ನು ಯಾವ ಕೋಟನ್ನೂ ಕಾಪಾಡಿರಲಿಲ್ಲ. ಆ ಎಂಟನ್ನೂ ಹೊಲಿದದ್ದು ಇದೇ ಕೈ.

ಗೋಡೆಯ ಗಡಿಯಾರದಲ್ಲಿ ಎರಡೂ ಹತ್ತು. ಮೈದುನನ ಪಾಳಿ ಎರಡಕ್ಕೆ. ಒಳಗೆ ಹೋದವರು ಮುಕ್ಕಾಲು ಗಂಟೆ ಹೊರಗೆ ಬರುವುದಿಲ್ಲ, ಫೋನುಗಳೆಲ್ಲ ಹೊರಗಿನ ಕಪಾಟಿನಲ್ಲಿರುತ್ತವೆ. ಮೇಲ್ವಿಚಾರಕರಿಗೆ ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಅತ್ತೆಗೂ ಅರ್ಥವಾಗಿತ್ತು, ಅವರ ಮುಖ ಬಿಳಿಚಿಕೊಂಡಿತ್ತು. ಒಳಗಿದ್ದವನು ಅವರ ಕಿರಿಯ ಮಗ.

ಮತ್ತೆ ಹಚ್ಚುವಾಗ ಅತ್ತೆ ನನ್ನ ಮಣಿಕಟ್ಟು ಹಿಡಿದರು. "ಹುಡುಗರನ್ನ ಹೊರಗೆ ಕರೆಸು. ಆದ್ರೆ ಹತ್ತೂ ನನ್ನ ಮಿಷನ್ನಲ್ಲೇ ಹೊಲಿದಿದ್ದು ಅಂತ ಹೇಳು. ಎರಡೇ ಅಂತ ಸುಳ್ಳು ಹೇಳಿದ್ದಕ್ಕೆ ಒಂದೆರಡು ಮಾತು ಬೈತಾರೆ, ಬೈಸ್ಕೋ. ಹೊಸ ಮಿಷನ್ ತಗೊಂಡಿದ್ದೀವಿ ಅನ್ನು, ಆರ್ಡರ್ ಉಳಿಯತ್ತೆ."

"ಅತ್ತೆ..."

"ನನ್ನ ಮಿಷನ್ನಿಗೆ ಹೇಗೂ ಕೆಟ್ಟ ಹೆಸರು ಬಂದಾಯ್ತಲ್ಲ."

ಅವರು ಕುಹಕಕ್ಕೆ ಹೇಳಲಿಲ್ಲ. ಹೇಳಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಒಂದು ಗಳಿಗೆ, ಸುಳ್ಳೇಕೆ ಹೇಳಲಿ, ಆ ದಾರಿ ನನಗೆ ಬಹಳ ಇಷ್ಟವಾಯಿತು. ಅಷ್ಟರಲ್ಲಿ ಅತ್ತ ಕಡೆ ಫೋನು ಎತ್ತಿದರು.

"ಸಾರ್, ಎಲ್ರನ್ನೂ ಹೊರಗೆ ಕರೀರಿ, ಈಗ್ಲೇ. ಎಂಟು ಕೋಟೂ ನಂಬೋ ಹಾಗಿಲ್ಲ."

"ಆ ಎಂಟಕ್ಕೆ ಮಿಷನ್ನೇ ಬೇರೆ ಅಂದ್ರಲ್ಲಮ್ಮಾ?"

ಅತ್ತೆ ನನ್ನನ್ನೇ ನೋಡುತ್ತಿದ್ದರು.

"ಮಿಷನ್ ತಪ್ಪಲ್ಲ ಸಾರ್. ಎರಡೂ ಮಿಷನ್ ಸರಿಯಾಗೇ ಇವೆ. ನನ್ನ ಕೈ ತಪ್ಪು."

ಅವರು ಫೋನು ಇಡಲಿಲ್ಲ. ಓಡುವ ಬೂಟುಗಳ ಸದ್ದು, ಕಬ್ಬಿಣದ ಅಗುಳಿ ಸರಿದದ್ದು, ಕೂಗು ಕೇಳಿಸಿದವು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಅಂಗಡಿಯವನು ಮೋಟರಿನ ಸ್ವಿಚ್ಚು ಆರಿಸಿದ.

"ಅತ್ತಿಗೆ?" ಮೈದುನನ ದನಿ. "ಏನಾಯ್ತು? ಎಲ್ರನ್ನೂ ಎಳ್ಕೊಂಡು ಬಂದ್ರಲ್ಲ! ನನ್ನ ಕೋಟು ಚೆನ್ನಾಗೇ ಇದೆ."

"ತೋಳು ಎತ್ತು."

"ಎತ್ತಿದೆ."

"ಹಾಗಲ್ಲ. ಪೆಟ್ಟಿಗೆ ಮೇಲಿಡೋ ಹಾಗೆ ಪೂರ್ತಿ ಎತ್ತು, ಎರಡೂ."

ಅವನು ನಗುತ್ತಿದ್ದ. ನಗು ನಿಂತಿತು. "ಅತ್ತಿಗೆ," ಎಂದ ಮೆಲ್ಲಗೆ, "ಬೆನ್ನವರೆಗೂ ಹೋಯ್ತು."

ಅತ್ತೆ ಫೋನು ಕಿತ್ತುಕೊಂಡರು. "ಹೊರಗಿದ್ದೀಯಲ್ಲ? ಬಾಗಿಲಿನಿಂದ ಹೊರಗೆ ತಾನೇ?" ಎಂದು ಎರಡು ಸಲ ಕೇಳಿ, ಹೌದೆನಿಸಿಕೊಂಡು ನನಗೆ ಮರಳಿಸಿದರು.

ಮೇಲ್ವಿಚಾರಕರು ಮಾತಾಡಿದರು. "ಎಂಟೂ ವಾಪಸ್ ಕಳಿಸ್ತೀನಿ, ಎಲ್ಲಾ ಬಿಚ್ಚಿ ಹೊಲೀಬೇಕು. ಮುಂದಿನ ಆರ್ಡರ್ ಮಾತು ಈಗ ಬೇಡ. ಈ ಸಲ ಹೊಲಿಯೋದು ಯಾರು, ಅದನ್ನ ಹೇಳಿ."

"ನಮ್ಮ ಅತ್ತೆ ಸಾರ್," ಎಂದೆ. "ನಾನು ಪಕ್ಕದಲ್ಲಿ ಕೂತು ಕಲೀತೀನಿ."

ಅಂಗಡಿಯವನು ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ ಮಿಷನ್... ಯಾವುದು ಮೇಡಂ?"

ನಾನು ಅತ್ತೆಯ ಕಡೆ ತಿರುಗಿದೆ. "ಯಾವುದು ತಗೊಳ್ಳೋಣ?"

ಅತ್ತೆ ಒಮ್ಮೆ ಹಿಂದೆ ತಿರುಗಿ ನೋಡಿದರು. "ನನ್ನ ಕೇಳ್ತಿದ್ದೀಯಾ?"

"ನಿಮ್ಮನ್ನೇ," ಎಂದೆ. ಚೀಲದಲ್ಲಿ ಉಳಿದಿದ್ದ ತುಂಡುಗಳನ್ನು ಅವರ ಕೈಗಿಟ್ಟೆ.